ಒದ್ದೆ ಫರ್ಸಿಗೆ ಒಂದು ಕ್ಯಾಮೆರಾ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ನೆಲಕ್ಕೆ. ಕೆಲವರು ಇದನ್ನು ನಾಚಿಕೆ ಅಂದುಕೊಳ್ಳುತ್ತಾರೆ, ಈಗೀಗ ಎಲ್ಲರೂ ದುಃಖ ಅಂದುಕೊಳ್ಳುತ್ತಾರೆ. ಗಂಡ ಹೋಗಿ ಆರು ತಿಂಗಳಾದ ಹೆಂಗಸು ತಲೆ ತಗ್ಗಿಸಿ ಒಳಗೆ ಬಂದರೆ ಹಾಗೆ ಅನಿಸುವುದು ಸಹಜ. ಮೊನ್ನೆ ಒಂದು ತೊಟ್ಟಿಲ ಕಾರ್ಯದಲ್ಲಿ ಆ ಮನೆಯಾಕೆ ನನ್ನ ಗದ್ದ ಹಿಡಿದು, "ಎಷ್ಟ ದಿನಾ ಹಿಂಗ ತಲಿ ತಗ್ಗಿಸ್ಕೊಂಡಿರ್ತಿ ಯವ್ವಾ, ಜರಾ ಮ್ಯಾಲ ನೋಡು" ಅಂದಳು. ನಾನು ಆಕೆಯ ಮನೆಯ ಫರ್ಸಿಯ ಸಂದುಗಳನ್ನು ನೋಡುತ್ತಿದ್ದೆ. ಹೊಸ್ತಿಲ ಹತ್ತಿರ ಒಂದು ಕಲ್ಲು ಜೋಳದ ಕಾಳಿನಷ್ಟು ಎದ್ದಿತ್ತು. ಹೇಳಲಿಲ್ಲ.

ನಿಮ್ಮ ಮನೆಗೆ ಬಂದಾಗಲೂ ಹೀಗೆ ಮಾಡಿದರೆ ತಪ್ಪು ತಿಳಿಯಬೇಡಿ. ಮೂವತ್ತು ವರ್ಷ ಫರ್ಸಿ ಮೇಸ್ತ್ರಿಯ ಜೊತೆ ಬಾಳಿದವಳಿಗೆ ಅಂಟಿದ ಚಾಳಿ ಇದು. ಫರ್ಸಿ ಅಂದರೆ ನಮ್ಮ ಶಹಾಬಾದ ಸುತ್ತಿನ ಖಣಿಗಳಲ್ಲಿ ಪದರು ಪದರಾಗಿ ಏಳುವ ಹಾಸುಗಲ್ಲು. ಒಣಗಿದಾಗ ಅದರದು ಬೂದಿ ಬಣ್ಣ, ಒಮ್ಮೆ ನೋಡಿದವರು ಎರಡನೇ ಸಲ ನೋಡುವುದಿಲ್ಲ. ಅದರ ಮೇಲೆ ಒಂದು ಚೊಂಬು ನೀರು ಹಾಕಿ ನೋಡಬೇಕು. ಒಳಗಿನಿಂದ ನೀಲಿ ಏಳುತ್ತದೆ, ಹಸಿರು ಏಳುತ್ತದೆ, ಎಲ್ಲೋ ಒಂದು ಕಲ್ಲಿನಲ್ಲಿ ಬೆಲ್ಲದ ಬಣ್ಣದ ಎಳೆ ಓಡಿರುತ್ತದೆ. ನೀರು ಆರುವ ತನಕ ಮಾತ್ರ ಇರುವ ಚೆಂದ.

ನಮ್ಮ ಮನೆಯವರು ಹೆಣ್ಣು ನೋಡಲು ವಾಡಿಗೆ, ನನ್ನ ತವರಿಗೆ ಬಂದಾಗ ನನ್ನ ಮುಖ ನೋಡಲೇ ಇಲ್ಲ. ಸುಸಲಾ ಕೊಟ್ಟಾಗಲೂ ನೋಡಲಿಲ್ಲ, ಚಹಾ ಕೊಟ್ಟಾಗಲೂ ನೋಡಲಿಲ್ಲ. "ಹುಡುಗ ಭಾಳ ಸಂಭಾವಿತ ಇದ್ದಾನ, ಕಣ್ಣ ಎತ್ತಲಿಲ್ಲ ನೋಡು" ಎಂದು ನನ್ನ ಸೋದರತ್ತೆ ಹೊಗಳಿದ್ದೇ ಹೊಗಳಿದ್ದು. ಮದುವೆಯಾದ ನಾಲ್ಕನೇ ದಿನ ಅವರು ನನ್ನೊಡನೆ ಆಡಿದ ಮೊದಲ ಉದ್ದನೆಯ ಮಾತು ಇದು: "ನಿಮ್ಮಪ್ಪನ ಮನಿ ಪಡಸಾಲಿ ಫರ್ಸಿ ಯಾರ ಹಾಕ್ಯಾರ? ಮೂಲ್ಯಾಗ ನೀರ ನಿಂದರ್ತದಲ್ಲ." ನಿಲ್ಲುತ್ತಿತ್ತು. ಮುಂದಿನ ಯುಗಾದಿಗೆ ಅಳಿಯ ತಾನೇ ಕೂತು ಆ ಮೂಲೆಯನ್ನು ಕಿತ್ತು ಮತ್ತೆ ಹಾಕಿದ. ಹೆಂಡತಿಯ ಮುಖವನ್ನು ಅವರು ಸರಿಯಾಗಿ ನೋಡಿದ್ದು ಯಾವಾಗಲೋ ನನಗೆ ಗೊತ್ತಿಲ್ಲ.

ಊರಿನಲ್ಲಿ ಅವರನ್ನು ಚಂದಪ್ಪ ಮೇಸ್ತ್ರಿ ಅನ್ನುತ್ತಿದ್ದರು. ಮೇಸ್ತ್ರಿಗಳಲ್ಲಿ ಕುಡಿಯುವವರು ಇರುತ್ತಾರೆ, ಇಸ್ಪೀಟು ಆಡುವವರು ಇರುತ್ತಾರೆ. ಇವರದು ಫೋಟೋ. ಸುಮಾರು ಹದಿನೈದು ವರ್ಷದ ಹಿಂದೆ ಸೇಡಂ ಹತ್ತಿರದ ಕೋಡ್ಲಾದಲ್ಲಿ ಒಬ್ಬ ಇಂಜಿನಿಯರರ ಮನೆಗೆ ಫರ್ಸಿ ಹಾಕಿದ್ದರು. ಆ ಸಾಹೇಬರು ಕೆಲಸಕ್ಕೆ ಮೆಚ್ಚಿ, ತಾವು ಬಳಸಿ ಬಿಟ್ಟಿದ್ದ ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ ಕೊಟ್ಟರು. ಎತ್ತಿ ಹಿಡಿದು ಗುಂಡಿ ಒತ್ತಿದರೆ ಮುಗಿಯಿತು, ಬೇರೆ ವಿದ್ಯೆ ಬೇಡ. ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಕೆಲಸ ಮುಗಿದು, ಸಂದುಗಳು ಗಟ್ಟಿಯಾಗಿ, ಕೊನೆಯ ನೀರು ಹಾಕಿ ತೊಳೆದ ಮೇಲೆ, ಮನೆಯವರು ಸಾಮಾನು ತರುವ ಮೊದಲು, ಬಾಗಿಲಲ್ಲಿ ಕೂತು ಒದ್ದೆ ನೆಲದ ಒಂದು ಫೋಟೋ. ಒಂದೇ. ಕ್ಯಾಮೆರಾವನ್ನು ನೆಲದಿಂದ ಗೇಣು ಎತ್ತರದಲ್ಲಿ ಹಿಡಿಯಬೇಕು, ಆಗ ಸಾಲುಗಳು ಕೊನೆಯವರೆಗೂ ಓಡುವುದು ಕಾಣುತ್ತದೆ. ಆದರೆ ಅಷ್ಟು ಕೆಳಗೆ ಹಿಡಿದರೆ ಹಿಂದಿನ ಪರದೆ ಕಣ್ಣಿಗೆ ಸಿಗದು. ಹಾಗಾಗಿ ಅವರು ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದರು. ಬಲಗೆನ್ನೆ, ಬಲಗಿವಿ ಒದ್ದೆ ಮಾಡಿಕೊಂಡು ಮನೆಗೆ ಬಂದರೆ ಒಂದು ಮನೆಯ ಕೆಲಸ ಮುಗಿಯಿತು ಅಂತ ನನಗೆ ತಿಳಿಯುತ್ತಿತ್ತು.

ಆ ಫೋಟೋಗಳನ್ನೆಲ್ಲ ಪ್ರಿಂಟ್ ಹಾಕಿಸಿ ಒಂದು ಆಲ್ಬಮ್ ಮಾಡಿದ್ದರು. ಅವರ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ನಾನು ಹತ್ತನೇ ಇಯತ್ತೆ ಕಲಿತವಳು. ಹಾಗಾಗಿ ಪ್ರತಿ ಫೋಟೋದ ಕೆಳಗೆ ಊರು, ಯಾರ ಮನೆ ಎಂದು ಬರೆಯುವ ಕೆಲಸ ನನ್ನದು. ಮದುವೆ ಆಲ್ಬಮ್ ತೋರಿಸುವಂತೆ ನಾವು ಬಂದವರಿಗೆ ಈ ಆಲ್ಬಮ್ ತೋರಿಸುತ್ತಿದ್ದೆವು. ಒಂದೊಂದು ಪುಟಕ್ಕೂ ಒಂದು ಖಾಲಿ ನೆಲ. ಬಂದವರು ಎರಡು ಪುಟ ತಿರುವಿ "ಹೌದ್ರಿ, ಛಲೋ ಅದ" ಅಂದು ಚಹಾದ ಕಡೆ ನೋಡುತ್ತಿದ್ದರು.

ಆ ಬೆಳ್ಳಿ ಕ್ಯಾಮೆರಾ ಒಂದು ದಿನ ಸಿಮೆಂಟಿನ ಗಾರೆಯಲ್ಲಿ ಬಿದ್ದು ಹೋಯಿತು. ಎರಡನೆಯದು ಕೆಂಪು ಬಣ್ಣದ್ದು. ಅದನ್ನು ಧೂಳಿನಿಂದ ಉಳಿಸಲು ಅವರು ಹೂಡಿದ ಉಪಾಯ ಊಟದ ಡಬ್ಬಿ. ಮೂರು ಖಾನೆಯ ಸ್ಟೀಲ್ ಡಬ್ಬಿಯಲ್ಲಿ ಕೆಳಗೆ ರೊಟ್ಟಿ, ನಡುವೆ ಪಲ್ಯ, ಮೇಲಿನ ಖಾನೆಯಲ್ಲಿ ಕ್ಯಾಮೆರಾ. ಮುಚ್ಚಳ ಗಟ್ಟಿ ಕೂರುತ್ತಿದ್ದುದರಿಂದ ಕಲ್ಲಿನ ಹಿಟ್ಟು ಒಳಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಪುಂಡಿಪಲ್ಯದ ವಾಸನೆ. ಆ ಕ್ಯಾಮೆರಾ ಕೈಗೆ ತೆಗೆದುಕೊಂಡರೆ ಬೆಳ್ಳುಳ್ಳಿ ಒಗ್ಗರಣೆ ನೆನಪಾಗುತ್ತಿತ್ತು.

ಅವರಿಗೆ ಆ ಕ್ಯಾಮೆರಾದ ಮೇಲೆ ಒಂದೇ ಸಿಟ್ಟು. ಹೊಸ ಮನೆ ಅಂದರೆ ದೀಪ ಇನ್ನೂ ಹಾಕಿರುವುದಿಲ್ಲ, ಒಳಗೆ ಬೆಳಕು ಕಡಿಮೆ. ಫ್ಲ್ಯಾಶ್ ಹಾಕಿದರೆ ಒದ್ದೆ ಕಲ್ಲಿನ ಮೇಲೆ ಬಿಳಿಯ ಕಲೆ ಕೂರುತ್ತಿತ್ತು. ಫ್ಲ್ಯಾಶ್ ತೆಗೆದರೆ ಚಿತ್ರದ ತುಂಬ ಉಸುಕು ಚೆಲ್ಲಿದ ಹಾಗೆ. "ಇಷ್ಟು ನುಣ್ಣಗ ಹಾಕಿದ ಫರ್ಸಿ ಹಿಂಗ ಖರಬರ ಕಾಣ್ತದಲ್ಲ" ಎಂದು ಆಲ್ಬಮ್ ನೋಡಿ ನೋಡಿ ಗೊಣಗುತ್ತಿದ್ದರು. ಮಗಳು ಹೊಸ ಮೊಬೈಲ್ ತಂದಾಗ ಅದರಲ್ಲೂ ಒಮ್ಮೆ ತೆಗೆದು ನೋಡಿದರು. ನೆಲ ಥಳಥಳ ಹೊಳೆಯಿತು. "ಮೊಬೈಲ್ ಕಲ್ಲಿಗೆ ಪೌಡರ್ ಹಚ್ತದ" ಅಂದು ವಾಪಸು ಕೊಟ್ಟರು.

ಅವರಿಗೆ ಬೇಕಿದ್ದ ಕ್ಯಾಮೆರಾದ ಬಗ್ಗೆ ಅವರಿಗೆ ಖಚಿತ ಕಲ್ಪನೆ ಇತ್ತು: ಒಳಗೆ ಬೆಳಕು ಹಿಡಿಯುವ ಕಣ್ಣು ದೊಡ್ಡದಿರಬೇಕು, ಮೈ ಸಣ್ಣದಿರಬೇಕು, ಡಬ್ಬಿಯಲ್ಲಿ ಕೂರಬೇಕು. ಎರಡು ವರ್ಷ ಇದನ್ನೇ ಹೇಳಿದರು. ಶಹಾಬಾದದಲ್ಲಿ ಸ್ಟುಡಿಯೋ ಇಟ್ಟಿರುವ ಖಾದರ್ ಭಾಯಿ ಅವರ ಗೆಳೆಯ. ಇಬ್ಬರೂ ಸೇರಿದರೆ ಇದೇ ಮಾತು. ಅಷ್ಟರಲ್ಲಿ ಕೆಂಪು ಕ್ಯಾಮೆರಾ ಕೂಡ ಕೆಟ್ಟಿತು. ಮುಂದೆ ಚಾಚಿದ ಮೂತಿ ಒಳಗೆ ಹೋಗದೆ, ಕುತ್ತಿಗೆ ಹೊರಗೆ ಹಾಕಿದ ಆಮೆಯ ಹಾಗೆ ನಿಂತುಬಿಟ್ಟಿತು. ಆಗ ಅವರು ಚಿತ್ತಾಪುರ ತಾಲೂಕಿನ ದಂಡೋತಿಯಲ್ಲಿ ಒಂದು ಮನೆಯ ಕೆಲಸ ಮುಗಿಸಿದ್ದರು. "ಇದರ ಫೋಟೋ ಹೊಸ ಕ್ಯಾಮೆರಾ ಬಂದ ಮ್ಯಾಲ ತೆಗೀತೀನಿ, ಫರ್ಸಿ ಎಲ್ಲಿಗಿ ಓಡಿ ಹೋಗ್ತದ" ಅಂದರು.

ಹದಿನೈದು ದಿನಕ್ಕೆ ಅವರೇ ಹೋದರು. ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದವರು ಕಪ್ಪು ಕೆಳಗಿಟ್ಟು ಗೋಡೆಗೆ ಒರಗಿದರು, ಅಷ್ಟೇ. ಒಂದು ಸೂಚನೆ ಇಲ್ಲದೆ ಹೋದರು ಅಂತ ನಾನು ಬಂದವರಿಗೆಲ್ಲ ಹೇಳಿದೆ. ಆಲ್ಬಮ್‌ನಲ್ಲಿ ಒಂದು ಪುಟ ಖಾಲಿ ಉಳಿಯಿತು. ಕೆಳಗೆ "ದಂಡೋತಿ, ಸಿದ್ದಮ್ಮನವರ ಮನೆ" ಎಂದು ನಾನು ಮೊದಲೇ ಬರೆದಿಟ್ಟಿದ್ದೆ. ಅದನ್ನು ನೋಡಲಾಗದೆ ಆಲ್ಬಮನ್ನು ಸೀರೆಗಳ ಕೆಳಗೆ ಇಟ್ಟೆ.

ಹೋದ ತಿಂಗಳು ಆ ಸಿದ್ದಮ್ಮನವರ ಫೋನ್ ಬಂತು. ವಯಸ್ಸಾದ ಹೆಂಗಸು, ಫೋನಿನಲ್ಲಿ ಕೂಗಿ ಮಾತಾಡುತ್ತಾರೆ.

"ಯವ್ವಾ, ನಮ್ಮ ಮಲ್ಲುಗ ಕನ್ಯಾ ಗೊತ್ತಾಗ್ಯಾದ. ಬೀಗರು ಬಂದು ಮನಿ ನೋಡಿ, ಟೈಲ್ಸ್ ಇಲ್ಲೇನ್ರಿ ಅಂದ್ರು. ಆವಾಗಿಂದ ಇವನ ತಲ್ಯಾಗ ಅದೇ ಕುಂತದ. ಬರೂ ಸೋಮವಾರ ಫರ್ಸಿ ಮ್ಯಾಲೇ ಟೈಲ್ಸ್ ಹಾಕಸ್ತಾನಂತ. ನಿಮ್ಮ ಮನಿಯವ್ರ ಕೆಲಸ ಕಣ್ಣಿಲೆ ನೋಡೂದಿದ್ರ ಬಂದು ಹೋಗು."

ಅಂದು ಮಂಗಳವಾರ. ಚಿಂಚೋಳಿಯಲ್ಲಿರುವ ಮಗಳಿಗೆ ಹೇಳಿದೆ. "ಯವ್ವಾ, ಮೊಬೈಲ್‌ನ್ಯಾಗ ತಕ್ಕೊಂಡು ಬಾ, ಇದಕ್ಯಾಕ ಇಷ್ಟ ತಲಿ ಕೆಡಿಸ್ಕೊಳ್ತಿ" ಅಂದಳು. ಅವಳ ಮಾತು ಸರಿಯೇ. ಆದರೆ ಅವರ ಕೊನೆಯ ನೆಲಕ್ಕೆ ಪೌಡರ್ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಕ್ಯಾಮೆರಾಕ್ಕೆಂದು ಅವರು ತೆಗೆದಿಟ್ಟ ಹಣ ಹಾಗೆಯೇ ಇತ್ತು. ಬುಧವಾರ ಬೆಳಿಗ್ಗೆ ಡಬ್ಬಿಯ ಮೇಲಿನ ಖಾನೆಯನ್ನು ತೊಳೆದು ಒರೆಸಿ, ಚೀಲದಲ್ಲಿ ಹಾಕಿಕೊಂಡು ಖಾದರ್ ಭಾಯಿಯ ಸ್ಟುಡಿಯೋಕ್ಕೆ ಹೋದೆ.

"ಬರ್ರಿ ಭಾಭಿ, ಕುಂದ್ರಿ" ಅಂದರು ಖಾದರ್ ಭಾಯಿ. ನಾನು ಮೇಜಿನ ಮೇಲೆ ಡಬ್ಬಿ ಇಟ್ಟೆ. ಅವರು ಮುಚ್ಚಳ ತೆಗೆದು ಒಳಗೆ ನೋಡಿದರು. "ಖಾಲಿ ಅದಲ್ರಿ."

"ಇದರಾಗ ಕೂರೂ ಅಂಥ ಕ್ಯಾಮೆರಾ ಬೇಕು, ಖಾದರ್ ಭಾಯಿ."

ಅವರು ಡಬ್ಬಿಯ ಅಗಲವನ್ನು ಬೆರಳಿನಿಂದ ಅಳೆದರು. ಆಮೇಲೆ ಕಪಾಟು ತೆರೆದು ಮೂರು ಕ್ಯಾಮೆರಾ ತಂದು ಸಾಲಾಗಿ ಇಟ್ಟರು. ಹೆಣ್ಣು ನೋಡುವ ಶಾಸ್ತ್ರ ಈ ಸಲ ನನ್ನದು.

ಮೊದಲನೆಯದು ಅವರು ಮದುವೆಗಳಿಗೆ ಒಯ್ಯುವ ದೊಡ್ಡ ಕರಿ ಕ್ಯಾಮೆರಾ. ಎತ್ತಿದರೆ ಬೀಸುಕಲ್ಲಿನ ಮೇಲಿನ ಕಲ್ಲು ಎತ್ತಿದ ಹಾಗೆ. ಗುಂಡಿ ಒತ್ತಿದರೆ ಒಳಗೆ ಏನೋ ಟಪಕ್ ಎಂದು ಬಡಿಯಿತು. ಅದರಲ್ಲಿ ಒಂದು ಕನ್ನಡಿ ಇರುತ್ತದಂತೆ. ಎದುರಿನ ದೃಶ್ಯವನ್ನು ಅದು ಮೇಲೆ ಕಣ್ಣಿನ ಕಿಂಡಿಗೆ ಕಳಿಸುತ್ತದೆ, ಫೋಟೋ ತೆಗೆಯುವಾಗ ಎದ್ದು ದಾರಿ ಬಿಡುತ್ತದೆ. ಡಬ್ಬಿಯಲ್ಲಿ ಅದರ ಮೂತಿಯೂ ಹಿಡಿಯಲಿಲ್ಲ.

ಎರಡನೆಯದು ಗುಂಡಿ ಒತ್ತುವ ಹಳೆಯ ಜಾತಿಯದೇ, ಆದರೆ ಹೊಸದು. "ಇದರ ಜೂಮ್ ನೋಡ್ರಿ ಭಾಭಿ, ಕಾಗಿಣಾ ಹೊಳಿ ಈ ದಂಡಿಗಿ ನಿಂತ್ರ ಆ ದಂಡಿ ಕೊಕ್ಕರಿ ಕಣ್ಣ ಕಾಣ್ತದ." ಡಬ್ಬಿಯಲ್ಲಿ ಹಾಯಾಗಿ ಕೂತಿತು. ನನಗೆ ಅದೇ ಸಾಕು ಅನಿಸಿತು. ಆದರೆ ನೆಲ ನನ್ನಿಂದ ಗೇಣು ದೂರ, ಕೊಕ್ಕರೆ ನನಗೆ ಬೇಡ. "ಇದರ ಒಳಗಿನ ಕಣ್ಣ ಎಷ್ಟದ?" ಎಂದು ಕೇಳಿದೆ. ಆ ಪ್ರಶ್ನೆ ನನ್ನದಲ್ಲ, ಎರಡು ವರ್ಷ ಕೇಳಿ ಬಾಯಿಪಾಠವಾದದ್ದು. ಖಾದರ್ ಭಾಯಿ ನಕ್ಕರು. "ತೊಗರಿ ಬ್ಯಾಳಿಯಷ್ಟು. ಸುಳ್ಳ ಹೇಳಂಗಿಲ್ಲ."

ಮೂರನೆಯದನ್ನು ಅವರು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಯಾರೋ ಎರಡು ವರ್ಷ ಬಳಸಿ ಮಾರಿದ್ದು. ಒಂದು ಮೂಲೆಯಲ್ಲಿ ಬಣ್ಣ ಸವೆದಿತ್ತು. ಅಂಗೈಗಿಂತ ಸ್ವಲ್ಪ ಅಗಲ, ಮುಂದೆ ಪುಟ್ಟ ಲೆನ್ಸ್. ಸ್ವಿಚ್ ಹಾಕಿದಾಗ ಲೆನ್ಸ್ ಮುಂದೆ ಬಂತು, ತೆಗೆದಾಗ ಮಡಚಿಕೊಂಡು ಒಳಗೆ ಹೋಯಿತು. ಖಾದರ್ ಭಾಯಿ ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ, ಲೆನ್ಸನ್ನು ತಿರುಗಿಸಿ ಬಿಚ್ಚಿದರು. ಒಳಗೆ ದೊಡ್ಡದೊಂದು ಅಂಚೆಚೀಟಿಯಷ್ಟು ಅಗಲದ ಕಣ್ಣು. ಅದರ ಮೇಲೆ ನೇರಳೆ, ಹಸಿರು ಬಣ್ಣ ಆಡುತ್ತಿತ್ತು.

"ಇದರಾಗ ಕನ್ನಡಿ ಇಲ್ಲ. ಅದಕ್ಕೇ ಇಷ್ಟ ಸಣ್ಣದು. ಬೆಳಕ ಸೀದಾ ಈ ಕಣ್ಣಿನ ಮ್ಯಾಲೇ ಬೀಳ್ತದ. ಏನ್ ಬರ್ತದ ಅದನ್ನೇ ಪರದ್ಯಾಗ ತೋರಸ್ತದ" ಅಂದರು. ಮತ್ತೆ ಲೆನ್ಸ್ ಹಾಕುತ್ತ, "ಒಂದ ಮಾತ ಕೇಳ್ರಿ. ಲೆನ್ಸ್ ಬದಲಿ ಮಾಡಬಹುದು ಅಂತ ಮಂದಿ ಇದನ್ನ ಕೊಳ್ತಾರ. ಶಹಾಬಾದದಾಗ ಇದ್ದೀರಿ, ನೀವು ಅದನ್ನ ಬಿಚ್ಚಬ್ಯಾಡ್ರಿ. ಒಮ್ಮಿ ಬಿಚ್ಚಿದ್ರ ಅರ್ಧ ಖಣಿ ಒಳಗ ಹೋಗ್ತದ."

ಇವತ್ತಿನ ತನಕ ಬಿಚ್ಚಿಲ್ಲ.

ಡಬ್ಬಿಯಲ್ಲಿ ಇಟ್ಟು ನೋಡಿದೆವು. ಲೆನ್ಸ್ ಮೇಲೆ ಮಾಡಿ ಮಲಗಿಸಿದಾಗ ಮುಚ್ಚಳ ಎರಡು ಬೆರಳು ಮೇಲೇ ಉಳಿಯಿತು. ಓರೆ ಮಾಡಿ ನಿಲ್ಲಿಸಿದಾಗ ಸರಿಯಾಗಿ ಕೂತು, ಮುಚ್ಚಳ ಟಕ್ ಎಂದು ಬಿತ್ತು. ಆದರೂ ನನಗೆ ಸಮಾಧಾನವಿಲ್ಲ.

"ಖಾದರ್ ಭಾಯಿ, ಇಲ್ಲಿ ಒಂದ ಚೊಂಬ ನೀರ ಹಾಕ್ಲೇನು?"

"ಎಲ್ಲಿ?"

"ನೆಲದ ಮ್ಯಾಲ."

ಸ್ಟುಡಿಯೋದ ನೆಲವೂ ನಮ್ಮ ಮನೆಯವರೇ ಹಾಕಿದ್ದು. ಖಾದರ್ ಭಾಯಿ ಲುಂಗಿ ಎತ್ತಿಕೊಂಡು, ವೈರುಗಳನ್ನೆಲ್ಲ ಕುರ್ಚಿಯ ಮೇಲೆ ಹಾಕಿ, "ಹಾಕ್ರಿ. ಗಿರಾಕಿ ಬಂದ್ರ ನಮಾಜಿಗಿ ತೊಳದೀನಿ ಅಂತ ಹೇಳ್ತೀನಿ" ಅಂದರು. ದೀಪ ಆರಿಸಿ, ಬಾಗಿಲ ಬೆಳಕಿನಲ್ಲಿ ಎರಡೂ ಸಣ್ಣ ಕ್ಯಾಮೆರಾಗಳಲ್ಲಿ ಒಂದೊಂದು ಫೋಟೋ ತೆಗೆದೆವು. ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡನೆಯ ಕ್ಯಾಮೆರಾದ್ದು ನಮ್ಮ ಆಲ್ಬಮ್‌ನ ಫೋಟೋಗಳ ಹಾಗೆಯೇ ಇತ್ತು, ಉಸುಕು ಉಸುಕು. ಮೂರನೆಯದರಲ್ಲಿ ನೆಲ ನೆಲವಾಗಿತ್ತು. ನೀಲಿ ನೀಲಿಯಾಗಿ, ನೆರಳು ನೆರಳಾಗಿ ಬಂದಿತ್ತು. ಒಂದು ಕಲ್ಲಿನ ಮೇಲೆ ನೀರು ಇನ್ನೂ ಹರಡುತ್ತಿರುವ ಅಂಚು ಕೂಡ ಕಾಣುತ್ತಿತ್ತು. ನಾವಿಬ್ಬರೂ ಬಹಳ ಹೊತ್ತು ಅದನ್ನು ನೋಡಿದೆವು. "ಮೇಸ್ತ್ರಿ ಇದನ್ನ ನೋಡಬೇಕಿತ್ತು" ಅಂದರು ಖಾದರ್ ಭಾಯಿ.

ಆ ಕ್ಯಾಮೆರಾದ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅದರ ಹಿಂದಿನ ಪರದೆ ಕಿಟಕಿಯ ಬಾಗಿಲಿನಂತೆ ಮೇಲಕ್ಕೆ ಏಳುತ್ತದೆ. ನೆಲದ ಹತ್ತಿರ ಹಿಡಿದು ಮೇಲಿನಿಂದ ಬಾಗಿ ನೋಡಿದರೆ ಸಾಕು. ಬ್ಯಾಟರಿ ಬೇಗ ಮುಗಿಯುತ್ತದೆ ಎಂಬ ದೂರು ಬಿಟ್ಟರೆ ನಾನು ಅದರಲ್ಲಿ ಬೇರೆ ತಪ್ಪು ಕಂಡಿಲ್ಲ. ಮೂರು ದಿನ ನಮ್ಮ ಅಡುಗೆಮನೆಗೆ, ಬಚ್ಚಲಿಗೆ, ಅಂಗಳಕ್ಕೆ ನೀರು ಹಾಕಿ ಹಾಕಿ ಕಲಿತೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ನೀರಿಂದು ಇಷ್ಟ ತ್ರಾಸ ಅದ, ನೀ ಏನ್ ನಡಸೀಯವ್ವ" ಅಂದಳು.

ಶನಿವಾರ ಚಿತ್ತಾಪುರಕ್ಕೆ ಬಸ್ಸು, ಅಲ್ಲಿಂದ ದಂಡೋತಿಗೆ ಟಂಟಂ. ತೊಡೆಯ ಮೇಲೆ ಊಟದ ಡಬ್ಬಿ.

ಸಿದ್ದಮ್ಮನವರ ಅಂಗಳದಲ್ಲಿ ಟೈಲ್ಸ್ ಪೆಟ್ಟಿಗೆಗಳು ಆಗಲೇ ಬಂದು ಕೂತಿದ್ದವು. ಮಗ ಮಲ್ಲು ಒಳ್ಳೆಯ ಹುಡುಗ, ನನ್ನನ್ನು ಕಂಡು ಸಂಕೋಚದಿಂದ ಎದ್ದು ನಿಂತ. "ಅಕ್ಕಾವ್ರೆ, ಕೆಲಸಕ್ಕ ಹೆಸರ ಇಡೂ ಹಂಗಿಲ್ರಿ. ಬೀಗರ ಸಲುವಾಗಿ..." ಎಂದು ಶುರುಮಾಡಿದ. ಇರಲಿ ಬಿಡಪ್ಪ ಅಂದೆ. ಅವನೇ ದೊಡ್ಡ ಕೋಣೆಯ ಮಂಚ ಎತ್ತಿ ಹೊರಗಿಟ್ಟು, ಎರಡು ಕೊಡ ನೀರು ತಂದುಕೊಟ್ಟು ಪೇಟೆಗೆ ಹೋದ.

ಕಸ ಗುಡಿಸಿ ನೀರು ಹಾಕಿದೆ. ಹಿತ್ತಲ ಬಾಗಿಲಿನಿಂದ ಬೆಳಕು ಬಂತು. ಕಲ್ಲು ಎಚ್ಚರಾದ ಹಾಗೆ ಬಣ್ಣ ಬಿಟ್ಟಿತು. ಬಾಗಿಲಲ್ಲಿ ಕೂತು ಕ್ಯಾಮೆರಾ ಕೆಳಗೆ ಹಿಡಿದು, ಪರದೆ ಎತ್ತಿ ನೋಡಿದೆ. ಸಾಲುಗಳು ದಾರ ಹಿಡಿದಂತೆ ದೂರದ ಗೋಡೆಯಿಂದ ನನ್ನ ಕಡೆ ಬರುತ್ತಿದ್ದವು. ಬರುತ್ತ ಬರುತ್ತ, ನನ್ನ ಹತ್ತಿರದ ಮೂರು ಸಾಲು ಬಂದಾಗ ದಾರ ಸಡಿಲಾಯಿತು. ಸಂದು ಒಂದು ಕಡೆ ಬೆರಳಷ್ಟು, ಇನ್ನೊಂದು ಕಡೆ ಕೂದಲಷ್ಟು. ಒಂದು ಸಾಲು ಎಡಕ್ಕೆ ಹೊರಳಿತ್ತು. ನಿಂತು ನೋಡಿದರೆ ಕಣ್ಣಿಗೆ ಬೀಳುವಂಥದ್ದಲ್ಲ. ನೆಲದ ಮಟ್ಟದಿಂದ ನೋಡಿದರೆ ಮುಚ್ಚಿಡಲಾಗದು.

ನಾನು ಕ್ಯಾಮೆರಾ ಕೆಳಗಿಳಿಸಿದೆ. ಸೇಡಂನಲ್ಲಿ ಒಮ್ಮೆ ಕೂದಲೆಳೆ ವ್ಯತ್ಯಾಸಕ್ಕೆ ಇಡೀ ಸಾಲು ಕಿತ್ತು ಮತ್ತೆ ಹಾಕಿದವರು ಅವರು. "ಫೋಟೋದಾಗ ಬಂದ್ರ ಮುಗೀತು, ಸಾಯೂತನಕ ಅದನ್ನೇ ನೋಡ್ಬೇಕು" ಅನ್ನುತ್ತಿದ್ದರು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಬೆಳ್ಳಿ ಕ್ಯಾಮೆರಾ ಕೆಟ್ಟಾಗ ಅವರು ಖಾದರ್ ಭಾಯಿಯ ಕ್ಯಾಮೆರಾ ಕೇಳಿ ಒಯ್ದಿದ್ದರು. ಈ ಸಲ ಕೇಳಲಿಲ್ಲ. ಹೊಸದು ಬರಲಿ ಅಂದರು. ಈ ನೆಲದ ಫೋಟೋ ಅವರಿಗೆ ಬೇಡವಾಗಿತ್ತೇನೋ.

ಸಿದ್ದಮ್ಮ ಹಿಂದೆ ನಿಂತು ನೋಡುತ್ತಿದ್ದರು.

"ಆ ಮೂರ ಸಾಲ ನೋಡ್ಲಿಕತ್ತೀ ಏನ?"

ನಾನು ಹೌದು ಅಂದೆ.

"ಅವತ್ತ ಮೇಸ್ತ್ರಿಗಿ ಮೈಯಾಗ ಬರೋಬ್ಬರಿ ಇದ್ದಿದ್ದಿಲ್ಲ ಯವ್ವಾ. ಒಂದ ಕಲ್ಲ ಇಡೂದು, ಎದಿ ಹಿಡಕೊಂಡು ಕೂಡೂದು. ಮತ್ತ ಒಂದ ಇಡೂದು. ಎಡಗೈ ಎತ್ತಲಿಕ್ಕ ಬರಲಿಲ್ಲ, ಒಂದೇ ಕೈಲೆ ಕಲ್ಲ ಸರಸ್ತಿದ್ರು. ಬಿಡ್ರಿ, ಬ್ಯಾರೆದವರ್ನ ಕರಸೋಣು ಅಂದೆ. ಮೂರೇ ಸಾಲ ಉಳದಾವ ಅವ್ವ, ಹೆಸರಾದ ಕೆಲಸ ಅರ್ಧಕ್ಕ ಬಿಡಬಾರದು ಅಂದ್ರು. ಹೋಗೂ ಮುಂದ, ನಮ್ಮ ಮನ್ಯಾಗ ಹೇಳಬ್ಯಾಡ್ರಿ, ಸುಮ್ನ ಗಾಬರಿ ಆಗ್ತಾಳ ಅಂತ ನನ್ನ ಕೈ ಹಿಡದು ಹೇಳಿದ್ರು. ನಾ ಹೇಳಲಿಲ್ಲ. ಹೇಳಬೇಕಿತ್ತು."

ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ಸೂಚನೆ ಇಲ್ಲದೆ ಹೋದರು ಅಂತ ಐದು ತಿಂಗಳು ಹೇಳಿಕೊಂಡು ಬಂದಿದ್ದೆ. ಸೂಚನೆ ಇಲ್ಲಿತ್ತು, ಬಾಗಿಲ ಹತ್ತಿರ, ಮೂರು ಸಾಲಾಗಿ. ಸಿದ್ದಮ್ಮನೂ ನನ್ನ ಪಕ್ಕದಲ್ಲಿ ಕೂತರು. ಅವರ ಸೀರೆಯೂ ಒದ್ದೆಯಾಯಿತು.

ನೀರು ಆರತೊಡಗಿತು. ಇನ್ನೊಂದು ಕೊಡ ಹಾಕಿದೆ. ಮೊದಲು ಆ ಮೂರು ಸಾಲು ದಾಟಿ ಒಳಗೆ ಹೋಗಿ, ಅವು ಬಾರದ ಹಾಗೆ ಕೂತು ಒಂದು ತೆಗೆದೆ. ಬಹಳ ಚೆನ್ನಾಗಿ ಬಂತು, ಒಂದು ಸಂದೂ ಅಲುಗಿಲ್ಲ. ಅವರು ಇದ್ದಿದ್ದರೆ ಅದನ್ನೇ ಆಲ್ಬಮ್‌ಗೆ ಹಾಕುತ್ತಿದ್ದರು. ಆಮೇಲೆ ಎದ್ದು ಬಾಗಿಲಿಗೆ ವಾಪಸು ಬಂದು, ಆ ಮೂರು ಸಾಲುಗಳನ್ನೇ ಮುಂದಿಟ್ಟುಕೊಂಡು ಇನ್ನೊಂದು ತೆಗೆದೆ. ಒಂದು ಕೈಯಲ್ಲಿ ಸರಿಸಿದ ಕಲ್ಲುಗಳು ನೀಲಿಯಾಗಿ, ತುಸು ಹೊರಳಿ, ಆದರೆ ಬಿಗಿಯಾಗಿ ಕೂತಿದ್ದವು. ಒಂದೂ ಎದ್ದಿರಲಿಲ್ಲ. ಮೇಲೆ ಕೈಯಾಡಿಸಿ ನೋಡಿದೆ, ಎಲ್ಲೂ ತಡೆಯಲಿಲ್ಲ. ಎಂಥ ಮೇಸ್ತ್ರಿ ಅನಿಸಿತು.

ಸೋಮವಾರ ಅಲ್ಲಿ ಟೈಲ್ಸ್ ಕೆಲಸ ಶುರುವಾಯಿತು. ಅದೇ ಹೊತ್ತಿಗೆ ನಾನು ಖಾದರ್ ಭಾಯಿಯ ಸ್ಟುಡಿಯೋದಲ್ಲಿದ್ದೆ. ಎರಡೂ ಫೋಟೋ ಕಂಪ್ಯೂಟರಿನಲ್ಲಿ ಹಾಕಿದರು. ಯಾವುದನ್ನು ಪ್ರಿಂಟ್ ಹಾಕಲಿ ಎಂದು ಕೇಳಿದರು. ಎರಡನೆಯದನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದರು.

"ಭಾಭಿ, ಈ ಕೆಳಗಿನ ಸಾಲ ಜರಾ ಸೊಟ್ಟ ಬಂದಾವ. ಸಣ್ಣ ಲೆನ್ಸ್ ಅಂಚಿನಾಗ ಹಿಂಗೇ ಬಗ್ಗಸ್ತದ, ಚಿಂತಿ ಮಾಡಬ್ಯಾಡ್ರಿ. ಎರಡ ನಿಮಿಷನಾಗ ನೆಟ್ಟಗ ಮಾಡ್ತೀನಿ."

"ಬ್ಯಾಡ್ರಿ ಖಾದರ್ ಭಾಯಿ" ಅಂದೆ. "ಅದು ಲೆನ್ಸಿಂದಲ್ಲ. ಅವರ ಕೈಯಿಂದು."

ಅವರ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು. ಆಮೇಲೆ ಏನನ್ನೂ ಮುಟ್ಟದೆ ಪ್ರಿಂಟ್ ಕೊಟ್ಟರು.